ವೋಟಿಲ್ಲದಿದ್ದರೂ ಟಿಡಿ ಹತ್ತಿರ ಹೋಗಿ

ಐರ್ಲೆಂಡ್‌ನ ಎನ್ನಿಸ್‌ಗೆ ಹೊಸದಾಗಿ ಬಂದಿದ್ದೀರಿ. ಐಆರ್‌ಪಿ ಕಾರ್ಡ್ (ಇಲ್ಲಿ ವಾಸಿಸುವ ಪರವಾನಗಿ) ತಡವಾಗುತ್ತಿದೆ, ಬೀದಿ ದೀಪ ಉರಿಯುತ್ತಿಲ್ಲ. ಪಕ್ಕದ ಮನೆಯವರು ‘ಟಿಡಿಗೆ ಹೇಳಿ’ ಅಂದರಂತೆ. ವೋಟೇ ಇಲ್ಲದ ನಾನು ಹೋಗಬಹುದಾ ಎಂದು ಕೇಳಿದ್ದೀರಿ. ಖಂಡಿತ ಹೋಗಿ.

ಟಿಡಿ ಅಂದರೆ ಇಲ್ಲಿನ ಸಂಸತ್ತಿನ ಕೆಳಮನೆ ಡಾಯ್ಲ್‌ನ ಸದಸ್ಯರು. ಒಟ್ಟು 174 ಜನ. ನಮ್ಮ ಕ್ಲೇರ್ ಕ್ಷೇತ್ರ ಒಂದಕ್ಕೇ ನಾಲ್ವರಿದ್ದಾರೆ. ಮಂಗಳವಾರದಿಂದ ಗುರುವಾರದವರೆಗೆ ಡಬ್ಲಿನ್‌ನಲ್ಲಿ ಕಲಾಪ, ಉಳಿದ ದಿನ ಹೆಚ್ಚಾಗಿ ಊರಲ್ಲೇ ಇರುತ್ತಾರೆ. ಜನರನ್ನು ನೋಡುವುದಕ್ಕೆ ಸಮಯ ಗೊತ್ತು ಮಾಡಿರುತ್ತಾರೆ, ಅದಕ್ಕೆ ಕ್ಲಿನಿಕ್ ಅಂತಾರೆ. ನಮ್ಮ ಕಡೆ ಎಂಎಲ್ಎ ನೋಡಬೇಕಾದರೆ ಪರಿಚಯದವರನ್ನು ಹುಡುಕುತ್ತೇವಲ್ಲ, ಇಲ್ಲಿ ಅದು ಬೇಡ. ಸುಮ್ನೆ ಇಮೇಲ್ ಮಾಡಿ, ಇಲ್ಲವೇ ನೇರ ಹೋಗಿ.

ಇವರು ಇಷ್ಟು ಕೈಗೆ ಸಿಗುವುದಕ್ಕೆ ಕಾರಣ ಚುನಾವಣೆಯ ರೀತಿ. ಮತದಾರರು ಅಭ್ಯರ್ಥಿಗಳ ಮುಂದೆ 1, 2, 3 ಎಂದು ಬರೆಯುತ್ತಾರೆ. ಒಂದೇ ಪಕ್ಷದವರೂ ಒಬ್ಬರಿಗೊಬ್ಬರು ಪೈಪೋಟಿ. ಕೊನೆಯ ಸೀಟು ಎಷ್ಟೋ ಸಲ ಎರಡನೇ, ಮೂರನೇ ಆಯ್ಕೆಯ ಮತದಲ್ಲಿ ನಿರ್ಧಾರವಾಗುತ್ತದೆ. ಹಾಗಾಗಿ ಊರಿನ ಕೆಲಸ ಬಿಟ್ಟವರಿಗೆ ಉಳಿಗಾಲವಿಲ್ಲ. ಕಾನೂನು ಮಾಡಬೇಕಾದವರು ರಸ್ತೆ ಗುಂಡಿ ಹಿಂದೆ ಓಡುತ್ತಾರೆ ಎಂದು ಬೈಯುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಎನ್ನಿಸ್ ಆಸ್ಪತ್ರೆಯನ್ನೇ ನೋಡಿ. ಅಲ್ಲಿನ ತುರ್ತು ವಿಭಾಗ 2009ರಲ್ಲಿ ಮುಚ್ಚಿತು, ನೀನಾ ಊರಿನದ್ದೂ ಮುಚ್ಚಿತು. ಈಗ ರಾತ್ರಿ ಎದೆನೋವು ಬಂದರೂ ಲಿಮೆರಿಕ್‌ನ ಯೂನಿವರ್ಸಿಟಿ ಹಾಸ್ಪಿಟಲ್‌ಗೇ ಹೋಗಬೇಕು. ಅಲ್ಲಿ ಬೆಡ್ ಸಿಗದೆ ಟ್ರಾಲಿ ಮೇಲೆ ಮಲಗಿದವರ ಸುದ್ದಿ ನೀವೂ ಓದಿರುತ್ತೀರಿ. ಈ ಭಾಗದ ಟಿಡಿಗಳು ಪಕ್ಷಭೇದವಿಲ್ಲದೆ ಇದನ್ನು ಡಾಯ್ಲ್‌ನಲ್ಲಿ ವರ್ಷಗಟ್ಟಲೆ ಎತ್ತುತ್ತಲೇ ಬಂದಿದ್ದಾರೆ. ಇದನ್ನು ಚಿಕ್ಕ ಊರಿನ ಚಿಕ್ಕ ವಿಷಯ ಅನ್ನುವುದಕ್ಕಾಗುತ್ತದಾ? ಅವರೂ ಬಾಯಿಬಿಡದಿದ್ದರೆ ಡಬ್ಲಿನ್‌ಗೆ ಕೇಳಿಸುವುದು ಹೇಗೆ?

ಸಭೆಯಲ್ಲಿ ಮಾತಾಡುವುದಷ್ಟೇ ಅಲ್ಲ, ಟಿಡಿ ಮಂತ್ರಿಗೆ ಲಿಖಿತ ಪ್ರಶ್ನೆ ಹಾಕಬಹುದು. ಉತ್ತರ ಬಂದೇ ಬರುತ್ತದೆ, ದಾಖಲೆಯಲ್ಲೂ ಉಳಿಯುತ್ತದೆ. ನಿಮ್ಮ ಕಾರ್ಡ್ ಎಲ್ಲಿ ನಿಂತಿದೆ ಎಂದು ಅವರ ಕಚೇರಿಯವರು ವಿಚಾರಿಸಿಕೊಡಬಹುದು. ಸರದಿ ತಪ್ಪಿಸಿ ಮುಂದೆ ಹಾಕಿಸಲಾರರು, ಆ ನಿರೀಕ್ಷೆ ಬೇಡ.

ಬೀದಿ ದೀಪ ಕೌಂಟಿ ಕೌನ್ಸಿಲ್‌ನ, ಅಂದರೆ ಇಲ್ಲಿನ ಸ್ಥಳೀಯ ಆಡಳಿತದ ಕೆಲಸ, ಅದಕ್ಕೆ ಕೌನ್ಸಿಲರ್ ಹತ್ತಿರ ಹೋಗಿ. ಇನ್ನೊಂದು ವಿಷಯ ನಮ್ಮವರಿಗೆ ಜಾಸ್ತಿ ಗೊತ್ತಿರುವುದಿಲ್ಲ: ಡಾಯ್ಲ್ ಚುನಾವಣೆಗೆ ಐರಿಶ್ ಅಥವಾ ಬ್ರಿಟಿಷ್ ಪೌರತ್ವ ಬೇಕು, ಆದರೆ ಕೌನ್ಸಿಲ್ ಚುನಾವಣೆಯಲ್ಲಿ 18 ತುಂಬಿದ, ಇಲ್ಲಿ ವಾಸವಿರುವ ಯಾರು ಬೇಕಾದರೂ ವೋಟು ಹಾಕಬಹುದು, ಪಾಸ್‌ಪೋರ್ಟ್ ಯಾವ ದೇಶದ್ದಾದರೂ ಸರಿ. ಕಳೆದ ಸಲ ನಡೆದದ್ದು 2024ರ ಜೂನ್‌ನಲ್ಲಿ, ಐದು ವರ್ಷಕ್ಕೊಮ್ಮೆ ಬರುತ್ತದೆ. ಪಿಪಿಎಸ್ ನಂಬರ್ (ಸರ್ಕಾರಿ ಸೇವೆಗಳಿಗೆ ಕೊಡುವ ನಿಮ್ಮ ಗುರುತಿನ ಸಂಖ್ಯೆ), ಏರ್‌ಕೋಡ್ (ಮನೆಯ ಪಿನ್‌ಕೋಡ್) ಇದ್ದರೆ ಆನ್‌ಲೈನ್‌ನಲ್ಲೇ ಹೆಸರು ಸೇರಿಸಬಹುದು. ಈ ವಾರವೇ ಸೇರಿಸಿ. ಟಿಡಿಗೆ ಬರೆಯುವಾಗ ವಿಳಾಸ, ಅರ್ಜಿ ನಂಬರ್, ಅರ್ಜಿ ಹಾಕಿದ ದಿನ ಮರೆಯಬೇಡಿ.