ಏರ್ ಪಿಸ್ತೂಲು: ಪೆಲೆಟ್ ಎಡಕ್ಕೆ, ಕೆಳಕ್ಕೆ ಹೋಗುತ್ತಿದ್ದರೆ

ಬಲಗೈಯವರ ಪೆಲೆಟ್ (ಪಿಸ್ತೂಲಿನ ಪುಟ್ಟ ಗುಂಡು) ಎಡಕ್ಕೂ ಕೆಳಕ್ಕೂ ಚದುರಿ ಬೀಳುತ್ತಿದೆ ಅಂದರೆ ಬಹುಶಃ ತಪ್ಪು ಗುರಿ ನೋಡುವ ಸೈಟಿನದಲ್ಲ. ಟ್ರಿಗರ್ ಒತ್ತುವಾಗ ಇಡೀ ಅಂಗೈ ಬಿಗಿಯಾಗುತ್ತಿದೆ. ಒಂದೇ ಕಡೆ ಒತ್ತಾಗಿ ಬಿದ್ದಿದ್ದರೆ ಮಾತ್ರ ಸೈಟಿನ ಮೇಲೆ ಅನುಮಾನ ಪಡುತ್ತಿದ್ದೆ.

ಮೊದಲು ಪೆಲೆಟ್ ಇಲ್ಲವೆಂದು ಎರಡು ಸಲ ನೋಡಿ, ಗುಂಡಿಲ್ಲದೆ ಟ್ರಿಗರ್ ಒತ್ತುವ ಡ್ರೈ ಫೈರ್‌ಗೆ ಹಾಕಿ, ಖಾಲಿ ಬಿಳಿ ಗೋಡೆಗೆ ಹಿಡಿದು ಒತ್ತಿ. ಮುಂದಿನ ಸೈಟ್ ಕುಣಿದರೆ ಕಾರಣ ಸಿಕ್ಕಿತು. ಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ನೇರ ಹಿಂದಕ್ಕೆ ಒತ್ತುವಂತೆ ಟ್ರಿಗರ್ ಬ್ಲೇಡ್ (ಬೆರಳು ತಾಗುವ ತುಂಡು) ಸರಿಸಿ. ಟ್ರಿಗರ್ ಒತ್ತಲು ಬೇಕಾದ ಭಾರ ಇಳಿಸುವ ಆಸೆ ಬೇಡ, 500 ಗ್ರಾಂಗಿಂತ ಕಡಿಮೆಯಾದರೆ ಪಂದ್ಯದ ತಪಾಸಣೆಯಲ್ಲೇ ಹೊರಗೆ.

ಆಮೇಲೆ ಗ್ರಿಪ್, ಅಂದರೆ ಕೈ ಹಿಡಿಯುವ ಮರದ ಹಿಡಿ. ಅದನ್ನು ಉಜ್ಜುವ ಮೊದಲು ವುಡ್ ಪುಟ್ಟಿ ತುಂಬಿ ನೋಡಿ. ಉಜ್ಜಿದ ಮರ ವಾಪಸ್ ಬರಲ್ಲ. ಅಂಗೈ ಮತ್ತು ಗ್ರಿಪ್ ನಡುವೆ ಸಂದು ಇರುವಲ್ಲಿ ತೆಳುವಾಗಿ ಹಚ್ಚಿ, ಒಣಗಿದ ಮೇಲೆ ಮರಳು ಕಾಗದ. ನಮ್ಮ ಬಳ್ಳಾರಿ ಬಿಸಿಲಿಗೆ ಕೈ ಊದಿ ಬೆವರುತ್ತದೆ, ಹಾಗಾಗಿ ನೀವು ಅಭ್ಯಾಸ ಮಾಡುವ ಹೊತ್ತಿನಲ್ಲೇ ಅಳತೆ ನೋಡಿ. ಬೆಳಗ್ಗೆ ಸರಿಯಾಗಿ ಕೂತದ್ದು ಮಧ್ಯಾಹ್ನ ಬಿಗಿಯಾಗುತ್ತೆ. ಗ್ರಿಪ್ ಮಣಿಕಟ್ಟನ್ನು ಸುತ್ತುವಂತಿಲ್ಲ, ಅದು ನಿಯಮ.

ಪೆಲೆಟ್‌ಗಳು ಒಂದೇ ಕಡೆ ಒತ್ತಾಗಿ ಬೀಳತೊಡಗಿದ ಮೇಲಷ್ಟೇ ಹಿಂದಿನ ಸೈಟಿನ ಸ್ಕ್ರೂ ಮುಟ್ಟಿ.