ಅಡಿಕೆ ಮಾರುವ ಮೊದಲು

ಓದುಗರ ಪತ್ರ: ‘ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಎರಡೂವರೆ ಎಕರೆ ಅಡಿಕೆ ತೋಟ. ಮಗಳು ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದುಕೊಂಡು ಬಿಎಸ್ಸಿ ಎರಡನೇ ವರ್ಷ ಓದುತ್ತಿದ್ದಾಳೆ. ಗಿಡಮರದ ಪಾಠ ಅಂದ್ರೆ ಅವಳಿಗೆ ಪ್ರಾಣ. ಮೊನ್ನೆ ಪೇಟೆಯ ಹೋಟೆಲೊಂದರಲ್ಲಿ ಒಬ್ಬರು ಸೆಮಿನಾರ್ ಮಾಡಿ, ಯುರೋಪಿನಲ್ಲಿ ನಾಲ್ಕು ವಾರ ಇಂಟರ್ನ್‌ಶಿಪ್, ಸರ್ಟಿಫಿಕೇಟ್ ಸಮೇತ ಎರಡೂವರೆ ಲಕ್ಷ ಎಂದರು. ಅದಿದ್ದರೆ ಮುಂದೆ ಅಲ್ಲೇ ಎಂಎಸ್ಸಿ ಸೀಟು ಸಲೀಸಂತೆ. ಇಪ್ಪತ್ತು ಸಾವಿರ ಅಡ್ವಾನ್ಸ್ ಕೊಟ್ಟಾಗಿದೆ. ಉಳಿದದ್ದನ್ನು ಈ ಸಲದ ಅಡಿಕೆ ಮಾರಿ ಕೊಡೋಣ ಅಂತಿದ್ದೇನೆ. ಕೊಡಲೋ ಬೇಡವೋ? ಹೆಸರು ಹಾಕಬೇಡಿ.’

ನಮಸ್ಕಾರ.

ಕೊಡಬೇಡಿ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಹೆಚ್ಚುಕಮ್ಮಿ ಇದೇ ಪ್ರಶ್ನೆ ಸಾಗರದಿಂದ, ಹೊಸನಗರದಿಂದ, ಕೊಪ್ಪದಿಂದಲೂ ಬಂದಿದೆ. ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಈ ಸಲ ಅಡುಗೆ ಅಂಕಣ ಅರ್ಧಕ್ಕೆ ಇಳಿದಿದ್ದರೆ ಅದಕ್ಕೆ ನಾನೇ ಕಾರಣ.

ಮೊದಲು ದುಡ್ಡಿನ ಮಾತು. ಒಳ್ಳೆಯ ಸಂಶೋಧನಾ ಇಂಟರ್ನ್‌ಶಿಪ್‌ನಲ್ಲಿ ಸಂಸ್ಥೆಯೇ ವಿದ್ಯಾರ್ಥಿಗೆ ಸ್ಟೈಪೆಂಡ್ ಕೊಡುವುದು ವಾಡಿಕೆ. ಕೊಡದಿದ್ದರೂ ಎರಡೂವರೆ ಲಕ್ಷ ಕೇಳುವುದಿಲ್ಲ. ಕೇಳುತ್ತಾರೆ ಅಂದ್ರೆ ಅದು ಟೂರ್ ಪ್ಯಾಕೇಜು. ಟೂರ್ ತಪ್ಪೇನಲ್ಲ, ಮಗಳು ನಾಲ್ಕು ಊರು ನೋಡಿಕೊಂಡು ಬರಲಿ ಅನ್ನಿಸಿದರೆ ಕಳಿಸಿ. ಅದನ್ನು ಓದಿನ ಖರ್ಚು ಅಂತ ಮಾತ್ರ ಬರೆದುಕೊಳ್ಳಬೇಡಿ.

ನನ್ನ ತಂಗಿಯ ಮಗನದ್ದೂ ಇಂಥದೇ ಕಥೆ. ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿ ಬೆಂಗಳೂರಿನ ಒಂದು ಕಂಪನಿಗೆ ಹನ್ನೆರಡು ಸಾವಿರ ಕಟ್ಟಿದ. ತಿಂಗಳ ಇಂಟರ್ನ್‌ಶಿಪ್ ಎಂದಿದ್ದರು. ಮೂರನೇ ದಿನಕ್ಕೇ ವಾಟ್ಸಾಪಿನಲ್ಲಿ ಸರ್ಟಿಫಿಕೇಟ್ ಬಂತು! ಅದರಲ್ಲಿ ಅವನ ಹೆಸರೂ ಸರಿಯಾಗಿರಲಿಲ್ಲ. ಆಮೇಲೆ ಕೆಲಸದ ಇಂಟರ್‌ವ್ಯೂನಲ್ಲಿ ‘ಅಲ್ಲಿ ಏನು ಮಾಡಿದೆ?’ ಎಂದು ಕೇಳಿದರೆ ಇವನ ಬಾಯಲ್ಲಿ ಮಾತಿಲ್ಲ. ತಂಗಿ ಆ ಕಾಗದಕ್ಕೆ ಲ್ಯಾಮಿನೇಶನ್ ಮಾಡಿಸಿದ್ದಳು. ಈಗಲೂ ಕಪಾಟಿನಲ್ಲಿದೆ.

ಅದೇ ನಮ್ಮ ಆಫೀಸಿಗೆ ಹೋದ ವರ್ಷ ಪತ್ರಿಕೋದ್ಯಮ ಓದುವ ಒಬ್ಬ ಹುಡುಗಿ ಬಂದಿದ್ದಳು. ಕೈಯಲ್ಲಿ ಒಂದೂ ಸರ್ಟಿಫಿಕೇಟ್ ಇಲ್ಲ. ಅಡಿಕೆ ಮಂಡಿಗೆ ಹೋಗಿ ಬಾ ಎಂದೆ. ಸಂಜೆ ನೋಟ್‌ಬುಕ್ ತಂದಳು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಅಡಿಕೆಯ ನಾಲ್ಕು ಬಗೆಗೆ ನಾಲ್ಕು ಕಾಲಂ ಎಳೆದಿದ್ದಾಳೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ, ‘ಒಂದೇ ಊರಿನ ಎರಡು ಲಾಟಿಗೆ ಬೇರೆ ಬೇರೆ ದರ. ಯಾಕೆ? ಹಮಾಲರನ್ನು ಕೇಳಬೇಕು’ ಎಂದು ಬರೆದುಕೊಂಡಿದ್ದಾಳೆ. ಮುಂದೆ ಅವಳಿಗೆ ಶಿಫಾರಸು ಪತ್ರ ಬರೆಯುವಾಗ ನಾನು ತಿಣುಕಬೇಕಾಗಲಿಲ್ಲ. ಆ ಪೆನ್ಸಿಲ್ ಸಾಲನ್ನೇ ಬರೆದೆ.

ವಿದೇಶದ ವಿಶ್ವವಿದ್ಯಾಲಯಗಳೂ ನೋಡುವುದು ಇದನ್ನೇ. ಹುಡುಗಿ ಏನು ಮಾಡಿದ್ದಾಳೆ? ಅದನ್ನು ಕಣ್ಣಾರೆ ಕಂಡು ಹೇಳುವ ಮೇಷ್ಟ್ರು ಯಾರು? ‘ಇವಳು ಶಿಸ್ತಿನ ವಿದ್ಯಾರ್ಥಿನಿ, ಒಳ್ಳೆಯ ನಡತೆ’ ಎಂಬ ಪತ್ರ ಯಾರಿಗೆ ಬೇಕಾದರೂ ಸಿಗುತ್ತದೆ. ಅದರಿಂದ ಉಪಯೋಗವಿಲ್ಲ. ಪಾಠ ಮಾಡುವವರಲ್ಲಿ ಒಬ್ಬರಾದರೂ ಅವಳ ಕೆಲಸವನ್ನು ಹತ್ತಿರದಿಂದ ನೋಡಿರಬೇಕು. ಲ್ಯಾಬಿನಲ್ಲಿ ಅರ್ಧ ಗಂಟೆ ಹೆಚ್ಚಿಗೆ ಕೂತರೂ ಆಯಿತು, ಒಂದು ಪ್ರಶ್ನೆ ಕೇಳಿದರೂ ಆಯಿತು.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ನಿಮ್ಮ ತೋಟದಿಂದ, ಮಾರಾಯ್ರೇ. ತಮಾಷೆಗೆ ಹೇಳುತ್ತಿಲ್ಲ.

ಮಳೆಗಾಲ ಹಿಡಿಯುವ ಮೊದಲು ನೀವು ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುತ್ತೀರಿ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಕಲಸಿದ ಮೇಲೆ ನನ್ನ ಅಪ್ಪ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ತೆಗೆಯುತ್ತಿದ್ದರು. ಅಲಗು ಕೆಂಪಗಾದರೆ ‘ಇನ್ನೂ ಸುಣ್ಣ ಬೇಕು’ ಎನ್ನುತ್ತಿದ್ದರು. ನಿಮ್ಮಲ್ಲೂ ಹಾಗೇ ಮಾಡುತ್ತೀರಿ, ಅಲ್ವಾ? ಆ ಕೆಂಪು ತಾಮ್ರದ್ದು. ಸುಣ್ಣ ಸಾಲದೆ ಉಳಿದ ಮೈಲುತುತ್ತದಲ್ಲಿ ತಾಮ್ರ ಕರಗಿಕೊಂಡಿರುತ್ತದೆ. ಕಬ್ಬಿಣ ಸಿಕ್ಕಿದ ಕೂಡಲೇ ಅದು ಅಲಗಿನ ಮೇಲೆ ಕೂರುತ್ತದೆ. ಅದೇ ನೀರನ್ನು ಹೊಡೆದರೆ ಹಿಂಗಾರ, ಎಳೆ ಕಾಯಿ ಸುಡುತ್ತದೆ. ಪಿಯುಸಿ ರಸಾಯನಶಾಸ್ತ್ರದಲ್ಲಿ ಈ ಪಾಠ ಇದೆ. ಅಪ್ಪನ ಕತ್ತಿಯಲ್ಲೂ ಅದೇ ಪಾಠ ಇದೆ ಎಂದು ನಿಮ್ಮ ಮಗಳು ಅರ್ಜಿಯಲ್ಲಿ ಬರೆದರೆ, ‘ನನಗೆ ಬಾಲ್ಯದಿಂದಲೂ ವಿಜ್ಞಾನದಲ್ಲಿ ಆಸಕ್ತಿ’ ಎಂದು ಬರೆದ ಮುನ್ನೂರು ಅರ್ಜಿಗಳ ನಡುವೆ ಅವಳದ್ದು ಎದ್ದು ಕಾಣುತ್ತದೆ.

ಒಂದು ಹಳೆಯ ವಿಷಯ ನೆನಪಾಯಿತು, ಹೇಳಿಬಿಡುತ್ತೇನೆ. ಕೊಳೆರೋಗಕ್ಕೆ ಇದೇ ಬೋರ್ಡೋ ದ್ರಾವಣ ಹೊಡೆಯಿರಿ ಎಂದು ನಮ್ಮವರಿಗೆ ಕಲಿಸಿದವರು ಲೆಸ್ಲಿ ಕೋಲ್ಮನ್. ಹುಟ್ಟಿದ್ದು ಕೆನಡಾದಲ್ಲಿ, ಡಾಕ್ಟರೇಟ್ ಮಾಡಿದ್ದು ಜರ್ಮನಿಯ ಗಟಿಂಗನ್‌ನಲ್ಲಿ, 1908ರಲ್ಲಿ ಕೆಲಸಕ್ಕೆ ಬಂದದ್ದು ಮೈಸೂರು ಸಂಸ್ಥಾನಕ್ಕೆ. ಆ ಮನುಷ್ಯ ಮಲೆನಾಡಿನ ತೋಟಗಳಲ್ಲಿ ಕೊಳೆತ ಅಡಿಕೆ ಹೆಕ್ಕಿ ನೋಡಿ, 1910ರಲ್ಲಿ ರೋಗದ ಮೂಲವನ್ನು ವಿವರಿಸಿ ಬರೆದರು. ‘ಕೊಳೆರೋಗ’ ಎಂಬ ನಮ್ಮ ಮಾತೇ ಇಂಗ್ಲಿಷ್ ವಿಜ್ಞಾನ ಬರಹಗಳಿಗೆ ಸೇರಿತು. ಓದು ಮುಗಿಸಿದವರು ಅಲ್ಲಿಂದ ನಮ್ಮ ತೋಟಕ್ಕೆ ಬಂದಿದ್ದರು. ನಾವು ತೋಟ ಬಿಟ್ಟು ಸರ್ಟಿಫಿಕೇಟಿಗೆ ಅಲ್ಲಿಗೆ ಹೊರಟಿದ್ದೇವೆ.

ಈಗ ಎಲೆಚುಕ್ಕಿ ರೋಗ ಬೇರೆ ಬಂದು ಕೂತಿದೆ. ಮಗಳು ರಜೆಯಲ್ಲಿ ಮನೆಗೆ ಬಂದಾಗ ಒಂದು ಸಾಲಿನ ಇಪ್ಪತ್ತು ಮರ ಗುರುತು ಹಾಕಿಕೊಳ್ಳಲಿ. ಯಾವ ಸೋಗೆಯಲ್ಲಿ ಚುಕ್ಕಿ ಇದೆ, ವಾರ ಬಿಟ್ಟು ಎಷ್ಟು ಹರಡಿದೆ, ಆ ವಾರ ಮಳೆ ಎಷ್ಟು ಬಂತು ಎಂದು ಬರೆದಿಡಲಿ. ಆ ಪುಸ್ತಕ ಹಿಡಿದು ಶಿವಮೊಗ್ಗದ ನವಿಲೆ ಕೃಷಿ ಕಾಲೇಜಿಗೋ, ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೋ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೋ ಹೋಗಿ ಒಬ್ಬ ಸಂಶೋಧಕರನ್ನು ಕಾಣಲಿ. ಘಟ್ಟ ಇಳಿದರೆ ವಿಟ್ಲದಲ್ಲಿ ಕೇಂದ್ರ ಸರ್ಕಾರದ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐನ ಪ್ರಾದೇಶಿಕ ಕೇಂದ್ರ ಇದೆ, ಅಡಿಕೆ ಸಂಶೋಧನೆಯೇ ಅವರ ಮುಖ್ಯ ಕೆಲಸ. ಕಾಡು, ಹಾವು, ಕಪ್ಪೆ ಎಂದರೆ ಇಷ್ಟ ಇರುವ ಮಕ್ಕಳಿಗೆ ನಿಮ್ಮದೇ ತಾಲ್ಲೂಕಿನ ಆಗುಂಬೆಯಲ್ಲಿ, ಹಾವುಗಳ ತಜ್ಞ ರಾಮುಲಸ್ ವಿಟೇಕರ್ 2005ರಲ್ಲಿ ಶುರು ಮಾಡಿದ ಮಳೆಕಾಡು ಸಂಶೋಧನಾ ಕೇಂದ್ರವಿದೆ. ಕಾಳಿಂಗ ಸರ್ಪದ ಅಧ್ಯಯನಕ್ಕೆ ಹೆಸರಾದ ಜಾಗ. ಮನೆಯಿಂದ ಬಸ್ಸಿನಲ್ಲಿ ಹೋಗಬಹುದು!

ಆಮೇಲಿನ ಮೆಟ್ಟಿಲು ಬೆಂಗಳೂರು. ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ಮತ್ತು ಇನ್ನೆರಡು ರಾಷ್ಟ್ರೀಯ ಅಕಾಡೆಮಿಗಳು ಸೇರಿ ‘ಸಮ್ಮರ್ ರಿಸರ್ಚ್ ಫೆಲೋಶಿಪ್’ ನಡೆಸುತ್ತವೆ. ಎರಡು ತಿಂಗಳು, ದೇಶದ ಯಾವುದಾದರೂ ಒಳ್ಳೆಯ ಲ್ಯಾಬಿನಲ್ಲಿ, ಸ್ಟೈಪೆಂಡ್ ಸಮೇತ. ಸಣ್ಣ ಊರಿನ ಕಾಲೇಜು ಎಂದು ಯಾರೂ ಮೂಗು ಮುರಿಯುವುದಿಲ್ಲ. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲೂ ಇಂಥದ್ದೇ ಬೇಸಿಗೆ ಫೆಲೋಶಿಪ್ ಇದೆ. ಬೇಸಿಗೆಯ ಕೆಲಸಕ್ಕೆ ಅರ್ಜಿ ಕರೆಯುವುದು ಹಿಂದಿನ ವರ್ಷದ ಕೊನೆಯಲ್ಲಿ, ಅಂದರೆ ನೀವು ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿರುವಾಗ. ನಮ್ಮ ಮಕ್ಕಳು ಅರ್ಜಿ ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಇಲ್ಲೇ.

ವಿದೇಶವೇ ಬೇಕು ಎಂದರೆ ದಾರಿ ಇಲ್ಲವೆಂದಲ್ಲ. ಕೆನಡಾದ ಮೈಟ್ಯಾಕ್ಸ್ ಗ್ಲೋಬಲಿಂಕ್‌ನಲ್ಲಿ ಪದವಿ ವಿದ್ಯಾರ್ಥಿಗಳು ಹನ್ನೆರಡು ವಾರ ಅಲ್ಲಿನ ಪ್ರೊಫೆಸರ್ ಜೊತೆ ಕೆಲಸ ಮಾಡಬಹುದು, ಖರ್ಚಿಗೂ ನೆರವು ಕೊಡುತ್ತಾರೆ. ಫ್ರಾನ್ಸ್ ರಾಯಭಾರ ಕಚೇರಿಯ ಚಾರ್ಪಾಕ್ ಸ್ಕಾಲರ್‌ಶಿಪ್‌ನಲ್ಲಿ ಲ್ಯಾಬ್ ಇಂಟರ್ನ್‌ಶಿಪ್‌ಗೆಂದೇ ಒಂದು ವಿಭಾಗವಿದೆ. ಜರ್ಮನಿಯ ಡಾಡ್ ವೈಸ್ (DAAD-WISE) ಇಂಟರ್ನ್‌ಶಿಪ್ ಹೆಸರು ಎಲ್ಲರೂ ಹೇಳುತ್ತಾರೆ, ಆದರೆ ಅದು ಆಯ್ದ ಕೆಲವು ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಮಾತ್ರ. ಸುಮ್ನೆ ಆಸೆ ಇಟ್ಟುಕೊಳ್ಳುವ ಮೊದಲು ಪಟ್ಟಿ ನೋಡಿ.

ಇನ್ನು ‘ಎಂಎಸ್ಸಿ ಸೀಟು ಸಲೀಸು’ ಎಂಬ ಮಾತು. ನಾಲ್ಕು ವಾರದ ಕಾಗದ ನೋಡಿ ಯಾರೂ ಸೀಟು ಕೊಡುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ನಮ್ಮ ರಾಜ್ಯದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳು ಎಂಎಸ್‌ಗೆ ನಾಲ್ಕು ವರ್ಷದ ಪದವಿ ಕೇಳುತ್ತವೆ. ಯುರೋಪಿನಲ್ಲಿ ಮೂರು ವರ್ಷದ ಪದವಿಯೇ ಹೆಚ್ಚು, ಅಲ್ಲಿ ಅವಕಾಶ ಜಾಸ್ತಿ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕಡೆ ಬೋಧನಾ ಶುಲ್ಕವೇ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1500 ಯುರೋ. ಆದರೆ ವರ್ಷದ ಖರ್ಚಿಗೆಂದು 11,904 ಯುರೋ ಬ್ಲಾಕ್ಡ್ ಅಕೌಂಟಿನಲ್ಲಿ ತೋರಿಸಬೇಕು. ಅದು ಫೀಸಲ್ಲ, ನಿಮ್ಮದೇ ದುಡ್ಡು, ತಿಂಗಳಿಗೆ 992 ಯುರೋದಂತೆ ಅವಳ ಕೈಗೆ ಬರುತ್ತದೆ. ಜೊತೆಗೆ ನಮ್ಮ ಅಂಕಪಟ್ಟಿ, ಪದವಿ ಅಸಲಿ ಎಂದು ಜರ್ಮನಿಯವರು ಪರಿಶೀಲಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟಿಗೆ 18,000 ರೂಪಾಯಿ. ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡಸ್ ಸ್ಕಾಲರ್‌ಶಿಪ್ ಸಿಕ್ಕಿದರಂತೂ ಫೀಸನ್ನೂ ಅವರೇ ಕಟ್ಟಿ ತಿಂಗಳಿಗೆ 1400 ಯುರೋ ಕೊಡುತ್ತಾರೆ. ಕೊನೆಯ ವರ್ಷದಲ್ಲಿರುವಾಗಲೇ ಅರ್ಜಿ ಹಾಕಬಹುದು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ವಿದೇಶದ ಓದಿಗೆ ನೆರವಾಗುವ ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ ಇದೆ. ಈ ಮಾತು ನಿಮಗಲ್ಲದಿದ್ದರೂ ಓದುವ ಬೇರೆಯವರಿಗೆ ಬೇಕಾದೀತು.

ಈಗ ಆ ಇಪ್ಪತ್ತು ಸಾವಿರ. ಮಗಳನ್ನೂ ಕರೆದುಕೊಂಡು ಆ ಆಫೀಸಿಗೆ ಹೋಗಿ. ಜಗಳ ಬೇಡ. ಯಾವ ಲ್ಯಾಬು, ಗೈಡ್ ಹೆಸರೇನು, ಆ ವಿಶ್ವವಿದ್ಯಾಲಯದ ಇಮೇಲಿನಿಂದಲೇ ಒಂದು ಪತ್ರ ತರಿಸಿಕೊಡುತ್ತೀರಾ, ವೀಸಾ ಯಾವ ಬಗೆಯದು ಎಂದು ಅವಳೇ ಕೇಳಲಿ. ಟೂರಿಸ್ಟ್ ವೀಸಾ ಎಂದರೆ ಅಲ್ಲಿಗೇ ಮಾತು ಮುಗಿಸಿ ಎದ್ದುಬನ್ನಿ. ಅಡ್ವಾನ್ಸ್ ವಾಪಸ್ ಬೇಕೆಂದು ಬರೆದುಕೊಟ್ಟು, ನಿಮ್ಮ ಪ್ರತಿಗೆ ಸೀಲು, ಸಹಿ ಹಾಕಿಸಿಕೊಳ್ಳಿ. ಕೊಡದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗ ಇದೆ. ಇಷ್ಟು ಸಣ್ಣ ಮೊತ್ತಕ್ಕೆ ವಕೀಲರು ಇರಲೇಬೇಕೆಂದಿಲ್ಲ, ನೀವೇ ದೂರು ಕೊಡಬಹುದು.

ರಸೀದಿ ಇದೆ ತಾನೆ? ಪತ್ರದಲ್ಲಿ ಅದನ್ನೇ ಬರೆದಿಲ್ಲ ನೀವು.

– ಸಂಪಾದಕ