ಓದುಗರ ಪ್ರಶ್ನೆ, ನಮ್ಮ ಉತ್ತರ: ಅಧ್ಯಾಪಕರೂ ತಂತ್ರಜ್ಞಾನವೂ

ಪ್ರಶ್ನೆ: ನಾನು ವಿಶ್ವವಿದ್ಯಾಲಯವೊಂದರ ವಿಜ್ಞಾನ ವಿಭಾಗದ ಮುಖ್ಯಸ್ಥೆ. ಎರಡು ವರ್ಷಗಳ ಹಿಂದೆ ನಮ್ಮ ಎಲ್ಲ ತರಗತಿಗಳಿಗೂ ಪ್ರೊಜೆಕ್ಟರ್, ಇಂಟರ್ನೆಟ್ ಸಂಪರ್ಕ ಹಾಗೂ ಆನ್‌ಲೈನ್ ಕಲಿಕಾ ವ್ಯವಸ್ಥೆಯನ್ನು ಒದಗಿಸಿ, ಮೂರು ದಿನಗಳ ತರಬೇತಿಯನ್ನೂ ಕೊಡಿಸಿದೆವು. ಆದರೂ ಹೆಚ್ಚಿನವರು ಅದನ್ನು ನೋಟ್ಸಿನ ಪಿಡಿಎಫ್ ಹಾಕುವುದಕ್ಕಷ್ಟೇ ಬಳಸುತ್ತಿದ್ದಾರೆ. ಹಿರಿಯರ ಮನೋಭಾವವೇ ಇದಕ್ಕೆ ಕಾರಣವೆಂದು ಕಿರಿಯರು ದೂರುತ್ತಾರೆ. ಆ ಮನೋಭಾವವನ್ನು ಬದಲಿಸುವುದು ಹೇಗೆ?

ಉತ್ತರ: ಮೊದಲು ಒಂದು ಸಂಗತಿಯನ್ನು ಗಮನಿಸಿ. ನೀವು ಹೇಳುವ ಹಿರಿಯರೇ ತಮ್ಮ ಸಂಶೋಧನೆಯ ದತ್ತಾಂಶವನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸುತ್ತಾರೆ, ದೂರದ ಸಹಲೇಖಕರೊಂದಿಗೆ ವಿಡಿಯೋ ಕರೆಯಲ್ಲಿ ಗಂಟೆಗಟ್ಟಲೆ ಚರ್ಚಿಸುತ್ತಾರೆ. ಯಂತ್ರದ ಬಗ್ಗೆ ಅವರಿಗೆ ಅಸಹನೆಯಿದ್ದಿದ್ದರೆ ಅಲ್ಲಿಯೂ ಅದು ಕಾಣಿಸಬೇಕಿತ್ತು. ಹೊಸ ತಂತ್ರಜ್ಞಾನವನ್ನು ಜನ ಒಪ್ಪುವುದು ‘ಇದರಿಂದ ನನ್ನ ಕೆಲಸಕ್ಕೆ ಪ್ರಯೋಜನವಿದೆ’, ‘ಇದನ್ನು ಬಳಸುವುದು ಸುಲಭ’ ಎಂಬ ಎರಡು ನಂಬಿಕೆಗಳ ಆಧಾರದ ಮೇಲೆ ಎಂದು ಮಾಹಿತಿ ವ್ಯವಸ್ಥೆಗಳ ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲಿ ವಾದಿಸಿದರು. ಸಂಶೋಧನೆಯಲ್ಲಿ ನಿಮ್ಮ ಸಹೋದ್ಯೋಗಿಗಳಿಗೆ ಮೊದಲನೆಯ ನಂಬಿಕೆ ಗಟ್ಟಿಯಾಗಿದೆ. ಪಾಠದ ವಿಷಯದಲ್ಲಿ ಅದು ಇನ್ನೂ ಹುಟ್ಟಿಲ್ಲ.

ಅವರ ಸಂದೇಹವನ್ನು ಹಠವೆಂದು ತಳ್ಳಿಹಾಕಬೇಡಿ. ಮಾಧ್ಯಮವು ಪಾಠವನ್ನು ಹೊತ್ತು ತರುವ ವಾಹನವಷ್ಟೇ, ದಿನಸಿ ತರುವ ಲಾರಿಯಿಂದ ನಮ್ಮ ಆಹಾರದ ಪೌಷ್ಟಿಕತೆ ಹೆಚ್ಚುವುದಿಲ್ಲವೆಂಬ ವಾದವನ್ನು ಶಿಕ್ಷಣ ಸಂಶೋಧಕ ರಿಚರ್ಡ್ ಕ್ಲಾರ್ಕ್ 1983ರಲ್ಲಿಯೇ ಮಂಡಿಸಿದ್ದರು. ಅದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ನನ್ನ ಅನುಭವ ಮಾತ್ರ ಕ್ಲಾರ್ಕ್ ಅವರ ಮಾತನ್ನು ಅರ್ಧ ಒಪ್ಪುತ್ತದೆ. ಗಣಿತ ಕಲಿಸುತ್ತಿದ್ದಾಗ ಒಂದು ವರ್ಷ ಪ್ರಮೇಯಗಳ ಸಾಧನೆಗಳನ್ನೆಲ್ಲ ಸ್ಲೈಡುಗಳಿಗೆ ಇಳಿಸಿದ್ದೆ. ಹನ್ನೆರಡು ಸಾಲುಗಳು ಒಮ್ಮೆಗೇ ಪರದೆಯ ಮೇಲೆ ಮೂಡುತ್ತಿದ್ದವು. ವಿದ್ಯಾರ್ಥಿಗಳು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಪೆನ್ನು ಕೆಳಗಿಡುತ್ತಿದ್ದರು. ಬೋರ್ಡಿನ ಮೇಲೆ ಬರೆಯುವಾಗ ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಕೇಳಿಬರುತ್ತಿದ್ದ ‘ಇದು ಹೇಗೆ ಬಂತು?’ ಎಂಬ ಪ್ರಶ್ನೆ ಆ ವರ್ಷ ಒಮ್ಮೆಯೂ ಬರಲಿಲ್ಲ. ಮರುವರ್ಷ ಬೋರ್ಡಿಗೆ ಮರಳಿದೆ. ಆದರೆ ವಕ್ರರೇಖೆಯ ಮೇಲಿನ ಎರಡು ಬಿಂದುಗಳು ಹತ್ತಿರ ಹತ್ತಿರ ಸರಿದಂತೆ ಛೇದಕ ರೇಖೆ ಸ್ಪರ್ಶಕವಾಗುವುದನ್ನು ತೋರಿಸಲು ಮಾತ್ರ ಪರದೆಯನ್ನೇ ಉಳಿಸಿಕೊಂಡೆ. ಆ ಚಲನೆಯನ್ನು ಸೀಮೆಸುಣ್ಣದಿಂದ ಕಾಣಿಸಲು ನನಗೆ ಎಂದೂ ಸಾಧ್ಯವಾಗಿರಲಿಲ್ಲ.

ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞ ಎರಿಕ್ ಮಜೂರ್ 1990ರ ದಶಕದ ಆರಂಭದಲ್ಲಿ ರೂಪಿಸಿದ ಪದ್ಧತಿಯೂ ಇದನ್ನೇ ಹೇಳುತ್ತದೆ. ಪರಿಕಲ್ಪನೆಯನ್ನು ಕುರಿತ ಪ್ರಶ್ನೆಯೊಂದನ್ನು ಕೇಳಿ, ಪ್ರತಿಯೊಬ್ಬರೂ ತಾವಾಗಿ ಉತ್ತರಿಸಿದ ಮೇಲೆ ಪಕ್ಕದವರೊಂದಿಗೆ ವಾದಿಸಲು ಬಿಟ್ಟು, ಮತ್ತೆ ಅದೇ ಪ್ರಶ್ನೆಗೆ ಉತ್ತರ ಪಡೆಯುವ ಕ್ರಮವದು. ಕೈ ಎತ್ತಿಸಿಯೂ ಅದನ್ನು ನಡೆಸಬಹುದು; ಗುಂಡಿ ಒತ್ತಿ ಉತ್ತರಿಸುವ ಉಪಕರಣವು ಎಣಿಕೆಯನ್ನು ಸುಲಭಗೊಳಿಸಿತು, ಅಷ್ಟೇ.

ಅಧ್ಯಾಪಕರ ಎದುರಿಗಿರುವ ಅಡೆತಡೆಗಳಲ್ಲಿ ಎರಡು ಬಗೆಯಿದೆಯೆಂದು ಶಿಕ್ಷಣ ಸಂಶೋಧಕಿ ಪೆಗ್ಗಿ ಅರ್ಟ್ಮರ್ 1999ರಲ್ಲಿ ವಿಂಗಡಿಸಿದರು: ಉಪಕರಣ, ಸಮಯ, ತರಬೇತಿ, ನೆರವುಗಳ ಕೊರತೆ ಹೊರಗಿನದು, ಕಲಿಸುವುದೆಂದರೇನು ಎಂಬ ನಂಬಿಕೆ ಒಳಗಿನದು. ನೀವು ಉಪಕರಣ ಕೊಟ್ಟಿದ್ದೀರಿ, ಸಮಯ ಕೊಟ್ಟಿಲ್ಲ. ಮೂರು ದಿನಗಳ ತರಬೇತಿಯಲ್ಲಿ ಯಾವ ಗುಂಡಿ ಎಲ್ಲಿದೆಯೆಂದು ತಿಳಿಯುತ್ತದೆ. ತನ್ನ ವಿಷಯದ ಯಾವ ಕಗ್ಗಂಟನ್ನು ಅದು ಬಿಡಿಸುತ್ತದೆಂದು ತಿಳಿಯುವುದಿಲ್ಲ.

ಆದ್ದರಿಂದ ಪ್ರತಿಯೊಬ್ಬರನ್ನೂ, ನಿಮ್ಮ ಪಠ್ಯಕ್ರಮದಲ್ಲಿ ವಿದ್ಯಾರ್ಥಿಗಳು ಪ್ರತಿ ವರ್ಷವೂ ಎಡವುವ ಜಾಗ ಯಾವುದೆಂದು ಕೇಳಿ. ಆ ಒಂದು ಜಾಗಕ್ಕೆ ಮಾತ್ರ, ಅದೇ ವಿಷಯದ ಸಹೋದ್ಯೋಗಿಯೊಬ್ಬರ ಜೊತೆಯಲ್ಲಿ, ಸಾಧನವನ್ನು ಹುಡುಕಲು ಹೇಳಿ. ಆ ಸೆಮಿಸ್ಟರಿನಲ್ಲಿ ಅವರ ಬೋಧನೆಯ ಹೊರೆಯನ್ನು ಸ್ವಲ್ಪ ಇಳಿಸಿ, ಈ ಶ್ರಮವನ್ನು ಬಡ್ತಿಯ ಪರಿಗಣನೆಗೆ ತನ್ನಿ; ಪ್ರಬಂಧಗಳನ್ನಷ್ಟೇ ಎಣಿಸುವ ಕಡೆ ಪಾಠ ಸಿದ್ಧಪಡಿಸಲು ಯಾರು ತಾನೇ ರಾತ್ರಿ ಕೂರುತ್ತಾರೆ? ಕರೆದ ಕೂಡಲೇ ಬರುವ ತಂತ್ರಜ್ಞರೊಬ್ಬರೂ ಇರಲಿ. ತುಂಬಿದ ತರಗತಿ ನೋಡುತ್ತಿರುವಾಗ ಪರದೆ ಕಪ್ಪಾಗಿ ನಿಲ್ಲುವ ಭಯ ಹಿರಿಯರಿಗಷ್ಟೇ ಇರುವುದಲ್ಲ, ಕಿರಿಯರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಪ್ರಶ್ನೆ: 2020ರ ಸಾಂಕ್ರಾಮಿಕದ ಕಾಲದಲ್ಲಿ ಎಲ್ಲರೂ ಆನ್‌ಲೈನ್ ಪಾಠ ಮಾಡಿದರು. ಈಗ ಹಿಂದಕ್ಕೆ ಸರಿಯುತ್ತಿರುವುದೇಕೆ?

ಉತ್ತರ: ಅಂದು ನಡೆದದ್ದು ತುರ್ತು ವ್ಯವಸ್ಥೆ, ತಿಂಗಳುಗಟ್ಟಲೆ ಯೋಜಿಸಿ ರೂಪಿಸುವ ಆನ್‌ಲೈನ್ ಶಿಕ್ಷಣದೊಂದಿಗೆ ಅದನ್ನು ಹೋಲಿಸಬಾರದೆಂದು ಶಿಕ್ಷಣತಜ್ಞರು ಆ ವರ್ಷವೇ ಎಚ್ಚರಿಸಿದ್ದರು. ಕ್ಯಾಮೆರಾ ಮುಚ್ಚಿಕೊಂಡ ಕಪ್ಪು ಚೌಕಗಳಿಗೆ ಪಾಠ ಹೇಳಿದವರ ಮನಸ್ಸಿನಲ್ಲಿ ತಂತ್ರಜ್ಞಾನವೆಂದರೆ ಆ ಒಂಟಿತನವೇ ಉಳಿದಿದ್ದರೆ ಅವರನ್ನು ದೂರಲಾಗದು. ಆದರೂ ವಿಚಾರಿಸಿ ನೋಡಿ: ಅಂದು ಧ್ವನಿಮುದ್ರಿಸಿದ ಹತ್ತು ನಿಮಿಷದ ವಿವರಣೆಯನ್ನೋ, ಸಂಜೆಯ ಹೊತ್ತು ವಿಡಿಯೋ ಕರೆಯಲ್ಲಿ ಸಂದೇಹ ಪರಿಹರಿಸುವ ರೂಢಿಯನ್ನೋ ಕೆಲವರಾದರೂ ಸದ್ದಿಲ್ಲದೆ ಉಳಿಸಿಕೊಂಡಿರುತ್ತಾರೆ.